ಕಣ್ಣು ಶಾರ್ಪ್ ಅದಾವೇನು?

ಫೋಟೋ ಕಾಕಾ ಅವರ ಬಲಗಣ್ಣಿನ ಸುತ್ತ ಮಾಸದ ಗುರುತೊಂದಿತ್ತು. ಕ್ಯಾಮೆರಾದ ಕಿಂಡಿಗೆ ನಲವತ್ತು ವರ್ಷ ಕಣ್ಣು ಒತ್ತಿ ಒತ್ತಿ ಬಿದ್ದದ್ದು. ಚಹಾ ಕುಡಿಯುವಾಗಲೂ ಆ ಕಣ್ಣನ್ನು ಕಿರಿದು ಮಾಡಿ ಎದುರಿನವರ ಮುಖವನ್ನೇ ನೋಡುತ್ತಿದ್ದರು. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಎದುರಿಗೆ ಅವರ ಸ್ಟುಡಿಯೋ. ಇವತ್ತು ಅದು ನನ್ನದು. ಹೇಗೆ ನನ್ನದಾಯಿತು ಎಂಬುದನ್ನು ಈತನಕ ಎಲ್ಲರಿಗೂ ಅರ್ಧವೇ ಹೇಳಿದ್ದೇನೆ.

ಲಗ್ನದ ವಿಡಿಯೋ ಮಾಡಿಕೊಂಡಿದ್ದ ನನ್ನನ್ನು ಕರೆದು ಬೆಳಕು ಕಲಿಸಿದವರು ಅವರೇ. ಒಂದೇ ದೀಪ, ಅದರ ಮುಂದೆ ಬಿಳಿ ಚಾದರ, ಆಚೆ ಕೆನ್ನೆಗೆ ಬೆಳಕು ಮರಳಿಸಲು ಥರ್ಮಾಕೋಲ್ ಹಾಳೆ. "ಬೆಳಕು ಹಣಿ ಮ್ಯಾಗಿಂದ ಇಳದ ಬರಬೇಕಲೇ, ಮಕಕ್ಕ ಹೊಡದಂಗ ಬೀಳಬಾರದು. ಎರಡೂ ಕಣ್ಣಾಗ ಒಂದೊಂದ ಚುಕ್ಕಿ ಮಿಂಚಬೇಕು. ಅದಿಲ್ಲಂದ್ರ ನೀ ತಗದಿದ್ದು ಫೋಟೋ ಅಲ್ಲ, ಆಧಾರ ಕಾರ್ಡು!"

ನಟನೆಗೆ ಹೊರಟು ಫೋಟೋ ತೆಗೆಸಲು ಬರುವವರಿಗೆ ಇವತ್ತಿಗೂ ಅವರ ಮಾತನ್ನೇ ನನ್ನದೆಂಬಂತೆ ಹೇಳುತ್ತೇನೆ. ಹೂವಿನ ಅಂಗಿ ಬೇಡ, ಪೌಡರ್ ಬೇಡ. ಭುಜ ಓರೆ ಮಾಡಿ ಕುಳಿತು ಮುಖವನ್ನಷ್ಟೇ ತಿರುಗಿಸಿ. ಗದ್ದ ಒಂದು ಬೆರಳು ಮುಂದಿರಲಿ. ಪ್ಯಾಕೇಜ್ ಎಂದು ನೂರು ಫೋಟೋ ಕೊಡುವವನನ್ನು ನಂಬಬೇಡಿ, ನಾಲ್ಕು ಸಾಕು.

ಐದಾರು ವರ್ಷದ ಹಿಂದೆ ಉಗಾರ ಬುದ್ರುಕದ ಹುಡುಗಿಯೊಬ್ಬಳು ಬಂದಳು. ಕಾಲೇಜಿನ ನಾಟಕಗಳಲ್ಲಿ ಹೆಸರು ಮಾಡಿದವಳು. ಕೊಲ್ಹಾಪುರದಲ್ಲಿ ಮರಾಠಿ ಧಾರಾವಾಹಿಯೊಂದಕ್ಕೆ ಹೊಸ ಮುಖ ಹುಡುಕುತ್ತಿದ್ದರು. ಮರುದಿನದೊಳಗೆ ಫೋಟೋ ಕಳಿಸಬೇಕಿತ್ತು.

"ಕಾಕಾ, ನಗಲೇನ್ರಿ?"

"ನಗಬ್ಯಾಡವ್ವಾ. ವರಾನ ಕಡೆಯವರಿಗಿ ಕಳಸೂ ಫೋಟೋ ಏನಿದು? ನಿಮ್ಮವ್ವ ನಾಟಕ ಬ್ಯಾಡ ಅಂದಾಗ ಏನಂದಿ?"

"ಏನೂ ಅನಲಿಲ್ರಿ. ಸುಮ್ನ ನೋಡಿದ್ನಿ."

"ಹಾಂ, ಹಂಗ ನೋಡು."

ಅವಳು ಹಾಗೆ ನೋಡಿದಳು. ನನಗೇ ಮೈ ಜುಮ್ಮೆಂದಿತು. ಕಾಕಾ ತಮ್ಮ ಹಳೆಯ ಲೆನ್ಸನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡುವವರು, ಕ್ಯಾಮೆರಾ ತಾನೇ ಮಾಡುವ ಫೋಕಸನ್ನು ನಂಬಿದವರಲ್ಲ. ಆ ಲೆನ್ಸಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕಣ್ಣು ಮಸುಕು. ನಾಲ್ಕು ಫೋಟೋ ತೆಗೆದು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಆ ವರ್ಷ ಅವರಿಗೆ ಎಲ್ಲವೂ ಮಂಜು ಮಂಜಾಗಿ ಕಾಣುತ್ತಿತ್ತು. ಅದನ್ನು ನನಗೊಬ್ಬನಿಗೇ ಹೇಳಿದ್ದರು.

"ಕಣ್ಣು ಶಾರ್ಪ್ ಅದಾವೇನೋ?"

ದೊಡ್ಡದು ಮಾಡಿ ನೋಡಿದೆ. ಕಿವಿಯೋಲೆಯ ಹರಳು ಎಣಿಸಬಹುದಿತ್ತು. ಕಣ್ಣು ಮಸುಕು. ನಾಲ್ಕರಲ್ಲೂ.

ಆ ಸ್ಟುಡಿಯೋದ ಮೇಲೆ ನನಗೆ ಎರಡು ವರ್ಷದಿಂದ ಆಸೆಯಿತ್ತು. ಕೇಳಿದಾಗಲೆಲ್ಲ "ಕೈ ಆಡೂತನಕ ಕೊಡೂದಿಲ್ಲ" ಎನ್ನುತ್ತಿದ್ದರು. ಎದುರಿನವನ ಧೈರ್ಯ ಕುಗ್ಗಿದಾಗಲೇ ವ್ಯವಹಾರಕ್ಕೆ ಕೂರಬೇಕು ಎಂದು ಕಂಡವರಿಗೆಲ್ಲ ಬುದ್ಧಿ ಹೇಳುವವನು ನಾನು. ಹುಡುಗಿ ಇನ್ನೂ ಸ್ಟೂಲಿನ ಮೇಲೆಯೇ ಇದ್ದಳು. ಇನ್ನೊಮ್ಮೆ ತೆಗೆಯಲು ಐದು ನಿಮಿಷ ಸಾಕಿತ್ತು.

"ಅದಾವ್ರಿ ಕಾಕಾ. ಒಂದ ನಂಬರ್."

ನಾಲ್ಕು ದಿನ ಬಿಟ್ಟು ಅವಳು ಮತ್ತೆ ಬಂದಳು. "ಕಾಕಾ, ನನ್ನ ಕಿವಿ ಭಾಳ ಛಲೋ ಬಂದಾವಂತ್ರಿ. ಕಣ್ಣ ಕಾಣವಲ್ವು, ಬ್ಯಾರೇದವರನ್ನ ತಗೊಂಡೀವಿ ಅಂದ್ರು." ನಗುತ್ತಲೇ ಹೇಳಿದಳು, ಕಣ್ಣು ತುಂಬಿತ್ತು. ಕಾಕಾ ಅವಳ ಮೊಬೈಲನ್ನು ಮುಖದ ಹತ್ತಿರ ಹಿಡಿದು, ಆಚೆ ಈಚೆ ತಿರುಗಿಸಿ, ಹಿಂದಕ್ಕೆ ಕೊಟ್ಟರು.

"ತಪ್ಪು ನಂದವ್ವಾ" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅದೇ ವಾರ ನನ್ನನ್ನು ಕರೆದು, "ಸ್ಟುಡಿಯೋ ತಗೋ, ನೀ ಅಂದಷ್ಟಕ್ಕ" ಎಂದರು. ಹಿಂದೆ ಕೇಳಿದ್ದಕ್ಕಿಂತ ಕಡಿಮೆ ಹೇಳಿದೆ. ಅದಕ್ಕೂ ಹೂಂ ಅಂದರು.

ಮುಂದಿನ ವರ್ಷ ಮಗಳು ಅವರ ಕಣ್ಣಿನ ಆಪರೇಷನ್ ಮಾಡಿಸಿದಳು. ಇದ್ದದ್ದು ಬರೀ ಪೊರೆ. ಎಲ್ಲ ನಿಚ್ಚಳವಾಗಿ ಕಾಣತೊಡಗಿದ ಮೇಲೆ ಅವರು ಸ್ಟುಡಿಯೋಕ್ಕೆ ಬಂದು ಆ ನಾಲ್ಕು ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆಸಿ ಬಹಳ ಹೊತ್ತು ನೋಡಿದರು.

"ನಿನಗೂ ಕಂಡಿದ್ದಿಲ್ಲೇನೋ?"

"ಇಲ್ರಿ ಕಾಕಾ."

"ಹುಚ್ಚ! ಹಂಗಾರ ನಿನ್ನ ಕಣ್ಣೂ ಹೋಗಾಕತ್ತಾವ. ನನ್ನಂಗ ತಡಾ ಮಾಡಬ್ಯಾಡ."

ಕಣ್ಣು ತೋರಿಸಿದೆಯಾ ಎಂದು ದಿನಾ ಬಂದು ಕೇಳಿದರು. ಕೆಲಸದ ನೆಪ ಹೇಳಿದೆ. ಕೊನೆಗೆ ತಾವೇ ಕಣ್ಣಿನ ಆಸ್ಪತ್ರೆಯ ಚೀಟಿ ಮಾಡಿಸಿ ನನ್ನನ್ನು ಬಸ್ಸಿನಲ್ಲಿ ಬೆಳಗಾವಿಗೆ ಕರೆದೊಯ್ದರು. ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟು, "ಅಂಜಬ್ಯಾಡ, ನೋವಾಗೂದಿಲ್ಲ" ಎಂದರು.

ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು. ಕಾಕಾ ಪಕ್ಕದ ಕುರ್ಚಿಯಲ್ಲೇ ಇದ್ದರು. ಆತ್ಮಸಾಕ್ಷಿ ಓದಿಸಿತು ಎಂದು ಬರೆದರೆ ಚಂದ. ಆದರೆ ನನ್ನ ಕಣ್ಣುಗಳನ್ನು ಮಷೀನಿನಲ್ಲಿ ಆಗಲೇ ನೋಡಿದ್ದರು, ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಮೇಲಿನಿಂದ ಒಂದೊಂದೇ ಸಾಲು ಓದುತ್ತ ಇರುವೆಯಷ್ಟು ಸಣ್ಣ ಅಕ್ಷರದವರೆಗೆ ಹೋದೆ. ಒಂದೂ ತಪ್ಪಲಿಲ್ಲ. "ದೂರದ್ದು, ಹತ್ತರದ್ದು, ಎರಡೂ ಛಲೋ ಅದಾವು. ಯಾಕ ಬಂದೀರಿ?" ಎಂದು ಡಾಕ್ಟರು ನಕ್ಕರು.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಕಾಕಾ ತಾವೇ ಕುಳಿತರು. ಚಿಕ್ಕೋಡಿಯಲ್ಲಿ ಇಳಿದ ಮೇಲೆ, "ಛಲೋ ಆತು, ನಿನಗ ಏನೂ ಆಗಿಲ್ಲ" ಎಂದು ಭುಜ ತಟ್ಟಿ ಮನೆಯ ಕಡೆ ನಡೆದರು.

ಆಮೇಲೆ ಎರಡು ವರ್ಷ ಬದುಕಿದ್ದರು. ಸ್ಟುಡಿಯೋದ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅವರೇ ಮಾತು ತೆಗೆಯಲಿ, ಆಗ ಕಾಲು ಹಿಡಿದರಾಯಿತು ಎಂದುಕೊಂಡು ದಿನ ತಳ್ಳಿದೆ.

ಅವರು ಹೋದ ದಿನ ಉಗಾರದ ಹುಡುಗಿಯೂ ಬಂದಿದ್ದಳು. ಅಂಗಳದಲ್ಲಿ ಮಲಗಿಸಿದ್ದ ಕಾಕಾ ಅವರಿಗೆ ಕೈಮುಗಿದು, ನನ್ನ ಪಕ್ಕಕ್ಕೆ ಬಂದು ನಿಂತಳು.

"ಪಾಪ, ಆವಾಗ ಕಾಕಾಗ ಕಾಣ್ತಿದ್ದಿಲ್ಲ. ಅವರರೆ ಏನ್ ಮಾಡ್ಯಾರು, ಅಲ್ರಿ ಅಣ್ಣಾ?"

ಹೌದವ್ವಾ ಎಂದೆ.