ನೀಲಿ ಬರಿಸಿದ ಎರಡು ಬೋಲ್ಟು

ನನ್ನ ಗಂಡನಿಗೆ ಮಿಲಿಟರಿ ಹರಾಜಿನಲ್ಲಿ ತಂದ ಹಳೇ ಜೀಪೆಂದರೆ ಪ್ರಾಣ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ನಾಲ್ಕೈದು ವರ್ಷ. ನನ್ನ ಮದುವೆಯಾಗಿ ಒಂದೇ ವರ್ಷ. ಭಾಗಮಂಡಲದ ಕಡೆಯ ನಮ್ಮ ಊರಲ್ಲಿ ಬೇರೆ ಯಾರ ಮನೆಯಲ್ಲೂ ಮೋಟಾರಿರಲಿಲ್ಲ. ನಾಟಿ ಮುಗಿದ ಮೇಲೆ ಕೋವಿ, ಕತ್ತಿಗಳನ್ನು ಪೂಜೆಗಿಡುವ ಕೈಲು ಮುಹೂರ್ತಕ್ಕೆ ಈ ಸಲ ಜೀಪಿಗೂ ಹೂವಿಡೋಣ ಎಂದು ಅವರು ಹೇಳಿದ್ದೇ ತಡ, ನನ್ನ ಕೈ ತುರಿಸಿತು.

ನನ್ನ ಅಪ್ಪ ಮಾದಾಪುರದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದರು. ಕೋವಿಯ ಸ್ಕ್ರೂಗಳನ್ನು ಬೆಳ್ಳಗೆ ಉಜ್ಜಿ, ಬಾಣಲೆಯ ಬಿಸಿ ಮರಳಿನಲ್ಲಿಟ್ಟರೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನವಿಲಿನ ಕುತ್ತಿಗೆಯ ನೀಲಿ. ಆ ನೀಲಿ ಕಂಡ ಕೂಡಲೇ ಎತ್ತಿಬಿಡಬೇಕು. ನೋಡುತ್ತಲೇ ಬೆಳೆದವಳು ನಾನು. ನೋಡಿದ್ದೆಲ್ಲ ಬರುತ್ತದೆಂಬ ಜಂಬ ಬೇರೆ.

ಜೀಪಿನ ಸ್ಟೇರಿಂಗಿನ ತುಕ್ಕು ಬೋಲ್ಟುಗಳ ಬದಲಿಗೆಂದು ತಂದಿಟ್ಟಿದ್ದ ಎರಡು ಹೊಸ ಬೋಲ್ಟುಗಳನ್ನು ಯಾರಿಗೂ ಹೇಳದೆ ಎತ್ತಿಕೊಂಡೆ. ಮರಳು ಯಾಕೆಂದು ಮೊದಲು ನೇರ ಕೆಂಡದ ಮೇಲೇ ಇಟ್ಟೆ. ಅತ್ತೆ ಕರೆದರೆಂದು ಹೋಗಿ ಬರುವಷ್ಟರಲ್ಲಿ ಅವು ದಾಸವಾಳದ ಹಾಗೆ ಕೆಂಪಾಗಿದ್ದವು. ಅಯ್ಯೋ ಎಂದು ಬೂದಿಯಲ್ಲಿ ಹೂತು, ಪೂರ್ತಿ ಆರಿದ ಮೇಲೆ ಮತ್ತೆ ಉಜ್ಜಿ, ಈ ಸಲ ಮರಳಿನಲ್ಲೇ ಕಾಯಿಸಿದೆ. ಎಂಥ ನೀಲಿ ಬಂತು ಅಂತೀರಿ!

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗಂಡನ ಕೈಗೆ ಕೊಟ್ಟೆ.

"ಎಂತ ಚಂದ ಮಾರಾಯ್ತಿ! ಈಗಲೇ ಹಾಕಿಬಿಡ್ತೇನೆ" ಎಂದು ಜೀಪಿನಡಿ ತೂರಿದರು. ಅವತ್ತೇ ಅತ್ತೆಗೆ ಮಡಿಕೇರಿಯಲ್ಲಿ ಕಣ್ಣು ತೋರಿಸಲಿಕ್ಕಿತ್ತು. ನಾನು ಒಳಗೆ ಅವರಿಬ್ಬರಿಗೆ ರೊಟ್ಟಿ ಕಟ್ಟುತ್ತಿದ್ದಾಗಲೇ "ಹೊತ್ತಾಯ್ತು, ಹೊತ್ತಾಯ್ತು" ಎಂದು ಅತ್ತೆಯ ಬೊಬ್ಬೆ ಶುರುವಾಯಿತು. ಯಾವಾಗ ನೋಡಿದರೂ ಈ ಮುದುಕಿಗೆ ಅವಸರ ಎಂದು ಗೊಣಗುತ್ತಾ ಬುತ್ತಿ ಕೊಟ್ಟೆ. ಜೀಪು ಹೊರಟಿತು.

ಮಧ್ಯಾಹ್ನದ ಬಸ್ಸಿಗೆ ಅಪ್ಪ ಹಬ್ಬಕ್ಕೆ ಬಂದರು. ಕಾಫಿ ಕೊಟ್ಟು, ನನ್ನ ನೀಲಿ ಬೋಲ್ಟಿನ ಪುರಾಣ ಬಿಚ್ಚಿದೆ.

"ಮೊದಲು ಕೆಂಪಾಗಿತ್ತಾ?" ಎಂದರು ಅಪ್ಪ.

"ಹೂಂ. ಬೂದಿಯಲ್ಲಿ ಆರಿಸಿದೆ."

ಅಪ್ಪ ಲೋಟ ಕೆಳಗಿಟ್ಟರು. "ಹದ ಹೋಯ್ತಲ್ಲ ಮಗಳೇ. ಕೆಂಪಾದ ಉಕ್ಕನ್ನ ಬೂದಿಯಲ್ಲಿ ಆರಿಸಿದ್ರೆ ಮೆತ್ತಗಾಗ್ತದೆ. ಭಾರ ಬಿದ್ರೆ ಬಾಗ್ತದೆ, ತುಂಡಾಗ್ತದೆ. ಯಾವ ಬೋಲ್ಟು ಅದು?"

"ಸ್ಟೇರಿಂಗಿಂದು" ಎಂದೆ.

ಫೋನಿಲ್ಲ, ತಂತಿ ಕೊಡೋಣವೆಂದರೆ ಯಾರಿಗೆ ಕೊಡುವುದು? ಮಡಿಕೇರಿಯ ದಾರಿಯ ತಿರುವುಗಳೆಲ್ಲ ಒಂದೊಂದಾಗಿ ಕಣ್ಣಿಗೆ ಕಟ್ಟಿದವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ನೋಡಲಾಗದ ಇಳಿಜಾರು. ರಸ್ತೆಗೆ ಓಡಿ ಮಡಿಕೇರಿಯಿಂದ ಬಂದ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದೆ.

"ದಾರಿಯಲ್ಲಿ ಜೀಪೇನಾದ್ರೂ ಬಿದ್ದಿತ್ತಾ?"

"ಹಬ್ಬದ ಹಿಂದಿನ ದಿನ ಎಂತ ಅಪಶಕುನ ಮಾತಾಡ್ತೀಯಮ್ಮ!" ಎಂದು ಡ್ರೈವರ್ ಗದರಿದ. ಬಿದ್ದಿಲ್ಲ ಎಂದು ಹೇಳಿ ಸಾಯಬಾರದೇ ಎಂದು ನನಗೂ ಸಿಟ್ಟು ಬಂತು. ಕಾವೇರಮ್ಮನಿಗೆ ಏನೇನೋ ಹರಕೆ ಹೊತ್ತೆ. ಅಪ್ಪ ಪಕ್ಕದಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತೇನೋ, ಬೈಯಲೂ ಇಲ್ಲ.

ಸಂಜೆ ಐದರ ಹೊತ್ತಿಗೆ ಆ ಜೀಪಿನ ಕೆಮ್ಮು ಕೇಳಿಸಿತು. ಅವರು ನಿಲ್ಲಿಸುವ ಮೊದಲೇ ಓಡಿ ಹೋಗಿ ಕೆಸರಿನಲ್ಲಿ ಅಂಗಾತ ಮಲಗಿ ಜೀಪಿನಡಿ ನೋಡಿದೆ. ಅಲ್ಲಿದ್ದದ್ದು ಅದೇ ಹಳೇ ತುಕ್ಕು ಬೋಲ್ಟು.

"ನಿಂಗೆಂತ ಹುಚ್ಚಾ? ಏಳು" ಎಂದರು ಅವರು. "ಬೆಳಿಗ್ಗೆ ಹಾಕ್ಲಿಕ್ಕೆ ಆಗ್ಲಿಲ್ಲ. ನಟ್ಟು ಸಡಿಲ ಮಾಡುವ ಮೊದಲೇ ಅವ್ವ ಬೊಬ್ಬೆ ಹೊಡೆದ್ರು, ಬಿಟ್ಟು ಹೋದೆ. ಈಗ ಹಾಕ್ತೇನೆ, ನಾಳೆ ಪೂಜೆಗೆ ಬೇಕಲ್ಲ." ಜೇಬಿನಿಂದ ಕರವಸ್ತ್ರ ಬಿಚ್ಚಿದರು. ನನ್ನ ನೀಲಿ ಫಳಫಳ ಹೊಳೆಯಿತು. "ಮಡಿಕೇರಿಯಲ್ಲಿ ಎಲ್ಲರಿಗೂ ತೋರಿಸ್ದೆ. ನನ್ನ ಹೆಂಡತಿ ಮಾಡಿದ್ದು ಅಂದ್ರೆ ಯಾರೂ ನಂಬ್ಲಿಲ್ಲ."

ಸ್ಪ್ಯಾನರ್ ತೆಗೆದುಕೊಂಡರು. ಅಪ್ಪ ನನ್ನನ್ನೇ ನೋಡುತ್ತಿದ್ದರು. ತಾವು ಹೇಳುವುದಿಲ್ಲವೆಂದು ಆ ನೋಟದಲ್ಲೇ ತಿಳಿಯಿತು. ಹೇಳದೆ ಬೋಲ್ಟುಗಳನ್ನು ಕಸಿದು ಹೊಳೆಗೆ ಎಸೆಯೋಣವೆಂದೂ ಒಂದು ಕ್ಷಣ ಅನಿಸಿತು, ಸುಳ್ಳೇಕೆ ಹೇಳಲಿ.

"ಹಾಕಬೇಡಿ" ಎಂದೆ. "ನಾನು ಅದರ ಹದ ಕೆಡಿಸಿದ್ದೇನೆ. ಹಾಕಿದ್ರೆ ದಾರಿಯಲ್ಲಿ ತುಂಡಾಗ್ತಿತ್ತು. ನೀವು ಹೋದ ಮೇಲೆ ಗೊತ್ತಾಯ್ತು."

ಸ್ಪ್ಯಾನರ್ ಅವರ ಕೈಯಲ್ಲೇ ಉಳಿಯಿತು. ಅತ್ತೆ ಜೀಪಿನಿಂದ ಇನ್ನೂ ಇಳಿದಿರಲಿಲ್ಲ. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಹಾಗಾದ್ರೆ ಬೆಳಿಗ್ಗೆ ನಾನು ಬೊಬ್ಬೆ ಹೊಡೆಯದಿದ್ರೆ?" ಎಂದರು.

ನಾನು ಕೆಸರು ಮೆತ್ತಿದ ಕೈಯಲ್ಲೇ ಅವರ ಕೈ ಹಿಡಿದು ಇಳಿಸಿಕೊಂಡೆ. ಅತ್ತೆ ಆಮೇಲೆ ಇಪ್ಪತ್ತು ವರ್ಷ ಬದುಕಿದ್ದರು, ಪ್ರತಿದಿನವೂ ಹೊತ್ತಾಯ್ತು ಎಂದೇ ಕೂಗಿದರು. ನಾನು ಒಮ್ಮೆಯೂ ಗೊಣಗಲಿಲ್ಲ.