ಕಣ್ಣಿನ ಲೇಯರು

ನನ್ನ ಗಂಡ ತೀರಿಕೊಂಡ ಎರಡನೇ ವರ್ಷಕ್ಕೆ ಅವರ ಕಂಪ್ಯೂಟರೂ ಹೋಯಿತು. ಶಹಾಬಾದಿನಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಫೋಟೋ ತಿದ್ದುವ ಅವರ ಸಾಫ್ಟ್‌ವೇರು, ವರ್ಷಗಟ್ಟಲೆ ತಿದ್ದಿದ ಫೋಟೋಗಳು, ಎಲ್ಲವೂ ಆ ಡಬ್ಬಿಯಲ್ಲೇ ಇದ್ದವು. ಕಲಬುರಗಿಯ ರಿಪೇರಿ ಅಂಗಡಿಯಿಂದ ಫೋನು ಬಂತು. "ಹಾರ್ಡ್ ಡಿಸ್ಕ್ ಪೂರಾ ಹೋಗ್ಯಾದ್ರಿ ಅಕ್ಕಾರ. ಒಳಗಿಂದು ಏನೂ ಬರಂಗಿಲ್ಲ."

ಉಳಿದದ್ದು ಮಗಳು ಕಾಲೇಜಿನಲ್ಲಿ ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪು. ಅಂಥ ದೊಡ್ಡ ಸಾಫ್ಟ್‌ವೇರ್ ಹೊರುವ ತಾಕತ್ತು ಅದಕ್ಕಿರಲಿಲ್ಲ. ಸೇಡಂನಲ್ಲಿ ಟೀಚರಾಗಿರುವ ಮಗಳು ಫೋನಿನಲ್ಲೇ ದಾರಿ ಹೇಳಿದಳು. "ಅವ್ವ, ಏನೂ ಹಾಕೂದು ಬ್ಯಾಡ. ಒಂದು ವೆಬ್‌ಸೈಟ್ ಅದ, ಬ್ರೌಸರ್‌ನಾಗೇ ತೆರಿತದ, ಪುಕ್ಕಟ. ಅಪ್ಪ ಮಾಡ್ತಿದ್ದದ್ದೆಲ್ಲಾ ಅದ್ರಾಗ ಆಗ್ತದ ನೋಡು."

ತೆರೆದು ನೋಡಿದರೆ ನಿಜವೇ. ಎಡಗಡೆ ಕತ್ತರಿ, ಕುಂಚ, ರಬ್ಬರು. ಬಲಗಡೆ ಲೇಯರುಗಳ, ಅಂದರೆ ಒಂದರ ಮೇಲೊಂದು ಹಾಸಿದ ಚಿತ್ರದ ಪದರುಗಳ ಪಟ್ಟಿ. ಥೇಟ್ ಅವರ ಪರದೆಯ ಹಾಗೆ. ಅಂಚಿನಲ್ಲಿ ಜಾಹೀರಾತೊಂದು ಕುಣಿಯುತ್ತಿತ್ತು, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತನ್ನೂ ಮಗಳು ಹೇಳಿದ್ದಳು: ಡೌನ್‌ಲೋಡ್ ಮಾಡಿಕೊಳ್ಳದೆ ಆ ಸೈಟಿನ ಕಿಟಕಿ ಮುಚ್ಚಿದರೆ ಮಾಡಿದ್ದೆಲ್ಲ ಮಾಯ. ನಾನು ಅಲ್ಲಿಯವರೆಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ಕತ್ತರಿಸುವುದು, ಹಿಂದಿನ ಬಣ್ಣ ಬಿಳಿ ಮಾಡುವುದು ಇಷ್ಟನ್ನೇ ಬಲ್ಲವಳು. ನಾಜೂಕಿನ ಕೆಲಸವೆಲ್ಲ ಅವರದಾಗಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕುಂಚಾವರಂ ಕಡೆಯ ಹೆಣ್ಣುಮಗಳೊಬ್ಬಳು ತನ್ನ ಅಣ್ಣನ ಜೊತೆ ಬಂದಳು. ಅಣ್ಣ ನಮ್ಮೂರಲ್ಲಿ ಕಲ್ಲು ಪಾಲಿಶ್ ಮಾಡುವವನು, ಮುಖಪರಿಚಯವಿತ್ತು. ಅವಳ ಗಂಡ ಜ್ವರ ಬಂದು ತೀರಿಹೋಗಿ ತಿಂಗಳಾಗಿತ್ತು. ಮೊಬೈಲು ಮುಂದೆ ಹಿಡಿದಳು. ಗೋಡೆಗೆ ಆನಿಸಿ ಕೂರಿಸಿದ ಹೆಣ, ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಮುಚ್ಚಿದ ಕಣ್ಣು.

"ಕಣ್ಣು ತೆರಿಸಿ ಕೊಡ್ರಿ ಅಕ್ಕಾರ. ನಿಮ್ಮ ಯಜಮಾನ್ರು ತೆರಸ್ತಿದ್ರಂತ, ನಮ್ಮಣ್ಣ ಹೇಳ್ದ."

"ಜೀವ ಇದ್ದಾಗಿನ ಫೋಟೋ ಒಂದೂ ಇಲ್ಲೇನವಾ?"

ಆಧಾರ್ ಕಾರ್ಡು ತೆಗೆದು ಕೊಟ್ಟಳು. "ಇದೊಂದೇ ಅದರಿ. ಇದ್ರಾಗ ಕಳ್ಳನಂಗ ಕಾಣ್ತಾರ." ಅದರಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಮಸಿ, ಅಷ್ಟೇ. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮೂರು ದಿನ ಬಿಟ್ಟು ಬರಲು ಹೇಳಿದೆ.

ಸತ್ತವರಿಗೆ ಕಣ್ಣು ಹಚ್ಚುವುದನ್ನು ನಾನು ಕಲಿತೇ ಇರಲಿಲ್ಲ. ಆ ಕೆಲಸವಿದ್ದಾಗ ಮಾತ್ರ ನನ್ನ ಗಂಡ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. "ನೀ ಹೋಗಿ ಚಾ ಮಾಡ್ಕೊಂಡು ಬಾ" ಎನ್ನುತ್ತಿದ್ದರು. ಚಹಾ ತರುವಷ್ಟರಲ್ಲಿ ಪರದೆಯ ಮೇಲಿನ ಹೆಣ ಕಣ್ಣು ಬಿಟ್ಟಿರುತ್ತಿತ್ತು. ಆ ಕಣ್ಣು ಎಲ್ಲಿಂದ ಬಂತೆಂದು ನಾನು ಕೇಳಿದವಳಲ್ಲ. ಪುಸ್ತಕದಿಂದಲೋ ಇಂಟರ್‌ನೆಟ್ಟಿನಿಂದಲೋ ಇರಬೇಕು ಅಂದುಕೊಂಡಿದ್ದೆ.

ಅವರ ಡ್ರಾವರಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಹಚ್ಚಿ ನೋಡಿದೆ. ಐದು ಫೈಲು. ಒಂದೊಂದಕ್ಕೂ ಊರಿನ ಹೆಸರು: ಸೇಡಂ, ವಾಡಿ, ಚಿತ್ತಾಪುರ, ಚಿಂಚೋಳಿ, ಕೋಡ್ಲಾ. ಅವರ ಸಾಫ್ಟ್‌ವೇರಿನ ಫೈಲು ಈ ಪುಕ್ಕಟೆ ಸೈಟಿನಲ್ಲಿ ತೆರೆಯಲಿಕ್ಕಿಲ್ಲ ಎಂದುಕೊಂಡೇ ಚಿತ್ತಾಪುರದ್ದನ್ನು ಎಳೆದು ಬಿಟ್ಟೆ. ತೆರೆಯಿತು. ಹಳದಿ ರುಮಾಲಿನ ಮುದುಕರೊಬ್ಬರು. ಪಕ್ಕದ ಪಟ್ಟಿಯಲ್ಲಿ ನನ್ನ ಗಂಡ ಕೈಯಾರೆ ಬರೆದ ಲೇಯರಿನ ಹೆಸರುಗಳು: ರುಮಾಲು, ಮೀಸೆ, ಕೋಟು, ಮುಖ, ಕಣ್ಣು.

ಒಂದೊಂದೇ ಲೇಯರು ಮರೆಮಾಡುತ್ತ ಬಂದೆ. ರುಮಾಲು ಹೋಯಿತು, ಮೀಸೆ ಹೋಯಿತು, ಮುಖವೂ ಹೋಯಿತು. ಖಾಲಿ ಹಾಳೆಯ ಮೇಲೆ ಎರಡೇ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ಎಡಗಣ್ಣಿನ ಕರಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ.

ನನ್ನ ಗಂಡ ಹರೆಯದಲ್ಲಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವಾಗ ಚಕ್ಕೆ ಸಿಡಿದು ಆದ ಚುಕ್ಕೆ ಅದು. ಮದುವೆಯಾದಾಗಿನಿಂದ ನೋಡಿದ್ದೇನೆ.

ಉಳಿದ ನಾಲ್ಕೂ ಫೈಲು ತೆರೆದೆ. ವಾಡಿಯ ಮುದುಕಿಗೂ ಅವೇ ಕಣ್ಣು. ಚಿಂಚೋಳಿಯ ಎಳೆ ಹುಡುಗನಿಗೂ ಅವೇ. ತುಸು ಸಣ್ಣದು ಮಾಡಿದ್ದರು, ತುಸು ಓರೆ ಮಾಡಿದ್ದರು. ಆ ಚುಕ್ಕೆಯನ್ನು ಮಾತ್ರ ಒಬ್ಬರಲ್ಲೂ ಅಳಿಸಿರಲಿಲ್ಲ. ಮದುಮಗಳ ಕೆನ್ನೆಯ ಒಂದು ಮೊಡವೆಯನ್ನೂ ಉಳಿಸದ ಮನುಷ್ಯ. ಸುಲಭಕ್ಕೆಂದು ತಮ್ಮ ಫೋಟೋದಿಂದಲೇ ಕಿತ್ತು ಹಚ್ಚಿದರೋ, ಬೇರೇನಾದರೂ ಮನಸ್ಸಿನಲ್ಲಿತ್ತೋ? ಕೇಳಲು ಅವರಿಲ್ಲ. ಐದು ಫೈಲು ಉಳಿದಿವೆ. ಕೆಟ್ಟುಹೋದ ಡಿಸ್ಕಿನಲ್ಲಿ ಎಷ್ಟಿದ್ದವೋ. ಈ ಸೀಮೆಯ ಎಷ್ಟು ಗೋಡೆಗಳ ಮೇಲಿಂದ ಅವರು ನೋಡುತ್ತಿದ್ದಾರೋ. ಅಂಚಿನ ಜಾಹೀರಾತಿನಲ್ಲಿ ಲೆಹೆಂಗಾ ತೊಟ್ಟ ಹುಡುಗಿಯೊಬ್ಬಳು ಗಿರಗಿರ ತಿರುಗುತ್ತಲೇ ಇದ್ದಳು. ಲ್ಯಾಪ್‌ಟಾಪು ಮುಚ್ಚಿ, ಬಿಸಿಲಲ್ಲಿ ಹೋಗಿ ನಿಂತೆ.

ಮರುದಿನ ಮನಸ್ಸು ಗಟ್ಟಿ ಮಾಡಿ ಆ ಕಣ್ಣುಗಳನ್ನು ಕುಂಚಾವರಂದವನ ಮುಖಕ್ಕೆ ಕೂರಿಸಿದೆ. ಕೂಡಿಕೊಂಡವು. ನನಗೆ ಹೆದರಿಕೆಯಾದದ್ದೇ ಅದಕ್ಕೆ. ತಡವರಿಸಿ ಕಿಟಕಿ ಮುಚ್ಚಿಬಿಟ್ಟೆ, ಎಲ್ಲ ಅಳಿಸಿಹೋಯಿತು. ಮೂರನೇ ದಿನ ಮೊದಲಿನಿಂದ ಮತ್ತೆ ಮಾಡಿದೆ. ಚುಕ್ಕೆ ಅಳಿಸಲು ಕುಂಚ ಹಿಡಿದೆ, ಕೈ ಏಳಲಿಲ್ಲ.

ಅವಳು ಬಂದು ಪರದೆಯ ಮುಂದೆ ಕೂತಳು. ಬಹಳ ಹೊತ್ತು ನೋಡಿದಳು.

"ಯಾರ್ರಿ ಇವ್ರು?"

"ನಿನ್ನ ಗಂಡನೇ ಅಲ್ಲೇನವಾ?"

"ಮಾರಿ ನಮ್ಮವ್ರದೇ ಅದರಿ. ನೋಡ್ಲಿಕತ್ತಿದ್ದು ಬ್ಯಾರೆ ಯಾರೋ." ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಮ್ಮವ್ರು ಹಿಂಗ ಎದುರಿಗಿ ನೋಡಾವ್ರೇ ಅಲ್ರಿ. ನೆಲಾ ನೋಡ್ಕೊಂತೇ ಮಾತಾಡಾವ್ರು."

ಸುಳ್ಳು ಹೇಳಲಾಗಲಿಲ್ಲ. "ಅವು ನನ್ನ ಗಂಡನ ಕಣ್ಣವಾ" ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವಳ ಅಣ್ಣ ಕುರ್ಚಿಯಿಂದ ಎದ್ದೇ ನಿಂತ. ಅವಳು ಅಲುಗಲಿಲ್ಲ. ಒಮ್ಮೆ ಪರದೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು.

"ಬ್ಯಾಡ್ರಿ ಅಕ್ಕಾರ. ಮುಚ್ಚೇ ಇರ್ಲಿ. ಮಲಗ್ಯಾರ ಅನ್ಕೋತೀನಿ." ಆಮೇಲೆ ಮೆಲ್ಲಗೆ, "ನಿಮ್ಮವ್ರನ್ನ ನೀವೇ ಇಟ್ಕೋರಿ" ಎಂದಳು.

ಅವಳ ಎದುರಿಗೇ ಆ ಲೇಯರು ತೆಗೆದೆ. ಮೂಗಿನ ಹತ್ತಿ ಅಳಿಸಿ, ಹಿಂದಿನ ಗೋಡೆಗೆ ತಿಳಿನೀಲಿ ಬಣ್ಣ ಕೊಟ್ಟೆ. ಮುಚ್ಚಿದ ಕಣ್ಣಿನ ಫೋಟೋವನ್ನು ಅವಳು ಎದೆಗವಚಿಕೊಂಡು ಹೋದಳು. ಅಂದಿನಿಂದ ನಾನು ಯಾರ ಕಣ್ಣನ್ನೂ ತೆರೆಸಿಲ್ಲ.

ಈ ವರ್ಷ ಚಿತ್ತಾಪುರದ ಒಂದು ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಫೋಟೋ ತೆಗೆಯಲು ಕರೆದಿದ್ದರು. ಪಡಸಾಲೆಗೆ ಕಾಲಿಟ್ಟವಳು ಅಲ್ಲೇ ನಿಂತೆ. ಗೋಡೆಯ ಮೇಲೆ ಹಳದಿ ರುಮಾಲು.

ಮನೆಯ ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದಳು. "ನಮ್ಮ ಮಾವಾರ್ರಿ. ನಿಮ್ಮ ಯಜಮಾನ್ರೇ ಮಾಡಿ ಕೊಟ್ಟಿದ್ರು. ಭಾಳ ಛಂದ ಬಂದದ. ಈ ಪಡಸಾಲ್ಯಾಗ ಎಲ್ಲಿ ನಿಂತ್ರೂ ನಮ್ಮನ್ನೇ ನೋಡ್ತಾರ ನೋಡ್ರಿ."

"ಹೌದ್ರಿ" ಎಂದೆ.

ಅವಳಿಗೆ ಏನನ್ನೂ ಹೇಳಲಿಲ್ಲ. ಮನೆಯವರು ನೆಮ್ಮದಿಯಿಂದ ಇದ್ದರು. ಆ ಮುದುಕರ ಕಣ್ಣು ಅವರ ಪಾಲಿಗೆ ಮುದುಕರದೇ ಆಗಿತ್ತು. ತೊಟ್ಟಿಲು ಕಟ್ಟಿದ್ದು ಆ ಫೋಟೋದ ಕೆಳಗೇ. ಕ್ಯಾಮೆರಾ ಎತ್ತಿದಾಗಲೆಲ್ಲ ಮಗುವಿನ ಮೇಲ್ಗಡೆಯಿಂದ ನನ್ನವರು ನನ್ನನ್ನು ನೋಡಿದರು. ಹೆಂಗಸರು ಜೋಗುಳ ಹಾಡಿದರು, ನಾನು ಒಂದಾದ ಮೇಲೊಂದು ಫೋಟೋ ತೆಗೆದೆ.

ಊಟಕ್ಕೆ ಅದೇ ಪಡಸಾಲೆಯಲ್ಲಿ ಕೂರಿಸಿದರು. ಅನ್ನ ಕಲಸಿಕೊಂಡು ಸುಮ್ಮನೆ ಕೂತಿದ್ದೆ.

"ಯಾಕ್ರಿ ಅಕ್ಕಾರ, ಊಟ ಸೇರ್ಲಿಲ್ಲೇನ್ರಿ?" ಎಂದಳು ಸೊಸೆ.

"ಸೇರ್ತದವಾ" ಎಂದೆ. ಅವಳು ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಡಿಸಿದಳು. ತಲೆ ಎತ್ತದೆ ತಿಂದೆ.