ಚರಗಕ್ಕೆ ಎರಡು ದನಿ

ಎಳ್ಳ ಅಮಾವಾಸ್ಯೆಯ ಚರಗವನ್ನು ಒಬ್ಬರೇ ಚೆಲ್ಲಲು ಬರುವುದಿಲ್ಲ. ನಮ್ಮ ಆಳಂದ ಸೀಮೆಯಲ್ಲಿ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ ಪೂಜಿಸಿ, ಸಜ್ಜೆ ಕಡುಬು, ಭಜ್ಜಿ, ಅನ್ನ ಎಲ್ಲ ಕಲಸಿದ ಬುಟ್ಟಿ ಹಿಡಿದು ಒಡ್ಡಿನ ಗುಂಟ ಒಂದು ಸುತ್ತು ಹಾಕುತ್ತಾರೆ. ಮುಂದಿನವರು ಆ ಚರಗದ ಎಡೆಯನ್ನು ಬೆಳೆಯೊಳಗೆ ಎರಚುತ್ತ 'ಹುಲ್ಲುಲ್ಲಿಗ್ಯೋ' ಎಂದು ಕೂಗಬೇಕು. ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರುವವರು 'ಸಲಾಂಬರಿಗ್ಯೋ' ಎಂದು ಓಗೊಡಬೇಕು. ಅರ್ಥವೇನೆಂದು ಯಾರೂ ಕೇಳುವುದಿಲ್ಲ. ನಾನು ಎಷ್ಟೋ ವರ್ಷ ಎರಡನ್ನೂ ಒಬ್ಬಳೇ ಕೂಗಿದೆ. ಬುಟ್ಟಿ ಇಟ್ಟು ತಂಬಿಗೆ ಎತ್ತುವುದು, ತಂಬಿಗೆ ಇಟ್ಟು ಬುಟ್ಟಿ ಎತ್ತುವುದು. ನೋಡಿದವರು ನಗಬಹುದಿತ್ತು, ಆದರೆ ನೋಡುವವರೂ ಇರಲಿಲ್ಲ.

ನನ್ನ ಗಂಡನ ಮನೆ ಭೀಮಾ ನದಿಯ ದಂಡೆಯ ಮಣ್ಣೂರಲ್ಲಿತ್ತು. ಮಕ್ಕಳಾಗಲಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣದಲ್ಲಿ ಅತ್ತೆ ಹೊಸ ಸೀರೆ ಉಡಿಸಿ, "ಪಂಚಮಿಗಿ ತವರಿಗಿ ಹೋಗಿ ಬಾ ಬೇ" ಎಂದು ಬಸ್ಸು ಹತ್ತಿಸಿದರು. ಪಂಚಮಿ ಮುಗಿಯಿತು, ಜೋಕಾಲಿ ಬಿಚ್ಚಿದರು, ದಸರೆಯೂ ಕಳೆಯಿತು. ಕರೆದೊಯ್ಯಲು ಯಾರೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಗಂಡ ಇನ್ನೊಂದು ಮದುವೆಯಾದ ಸುದ್ದಿ ಬಂತು. ಎದುರು ನಿಂತು ಹೋಗು ಎಂದಿದ್ದರೆ ನಾಲ್ಕು ಮಾತು ಬೈದಾದರೂ ಬರುತ್ತಿದ್ದೆ. ಹೊಸ ಸೀರೆ ಉಡಿಸಿ ಕಳಿಸಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮದುವೆಗೆ ಮುಂಚೆಯೇ ಟೀಚರ್ ಟ್ರೇನಿಂಗ್ ಮುಗಿಸಿದ್ದೆ. ತವರೂರು ಮಾದನಹಿಪ್ಪರಗಾದ ಶಾಲೆಯಲ್ಲೇ ಕೆಲಸ ಸಿಕ್ಕಿತು. ಅಣ್ಣನ ಮನೆಯ ಹೊರಗಿನ ಕೋಣೆಯಲ್ಲಿ ನನ್ನ ಸಂಸಾರ: ಒಂದು ಸ್ಟೋವ್, ಒಂದು ಟ್ರಂಕು. ಅಪ್ಪ ಸಾಯುವ ಮುಂಚೆ ಹೊಲ ಹಂಚಿದ. ಕಪ್ಪು ಎರೆ ಭೂಮಿಯೆಲ್ಲ ಅಣ್ಣನಿಗೆ, ಅದಕ್ಕೆ ಹೊಂದಿಕೊಂಡ ಹಳ್ಳದ ದಂಡೆಯ ಕಲ್ಲು ಗರಸು ನನಗೆ. ಊರವರು ಅದನ್ನು ಗೊಡ್ಡು ಹೊಲ ಎನ್ನುತ್ತಿದ್ದರು. ನನ್ನ ಬೆನ್ನ ಹಿಂದೆ ನನಗೂ ಅದೇ ಮಾತು ಎಂದು ಗೊತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲವಾದ್ದರಿಂದ ಹೊಲಕ್ಕೆ ಹೋಗಿ ಕೂರುತ್ತಿದ್ದೆ. ಒಂದು ಬೇಸಿಗೆ ಟಿಟ್ಟಿಭ ಹಕ್ಕಿಯೊಂದು ನನ್ನ ತಲೆಯ ಮೇಲೆ ಕಿರುಚಿ ಕಿರುಚಿ ಹಾರಾಡಿತು. ನನ್ನ ಹೊಲದಲ್ಲಿ ನನ್ನನ್ನೇ ಬೈಯಲು ಇದಾರು ಎಂದು ಹುಡುಕಿದರೆ ಬರಿಗಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಗಳು. ಗೂಡಿಲ್ಲ, ನೆರಳಿಲ್ಲ. ಎರೆ ಹೊಲವನ್ನೆಲ್ಲ ಬಿಟ್ಟು ಈ ಗರಸನ್ನೇ ಅದು ಬೇಕೆಂದು ಆರಿಸಿಕೊಂಡಿತ್ತು. ನನಗೆ ಆದ ಖುಷಿ ಹೇಳತೀರದು. ಮರುದಿನವೇ ದನ ನುಗ್ಗುವ ಕಂಡಿಗೆ ಜಾಲಿಮುಳ್ಳು ಎಳೆದು ಹಾಕಿದೆ.

ಅಲ್ಲಿಂದ ಹುಚ್ಚು ಹತ್ತಿತು. ಹಕ್ಕಿಗಳಿಗೆ ಒಳ್ಳೆಯದಾಗಲಿ ಎಂದು ಆಳಂದದಿಂದ ಬಸ್ಸಿನಲ್ಲಿ ಬೇವಿನ ಸಸಿ ತಂದು ಹೊಲದ ತುಂಬ ನೆಟ್ಟೆ, ಕೊಡ ಹೊತ್ತು ನೀರುಣಿಸಿದೆ. ಬೇವು ಆಳೆತ್ತರ ಬೆಳೆದ ವರ್ಷ ಕಾಗೆಗಳು ಅವುಗಳ ಮೇಲೆ ಕೂತು ಕೆಳಗೆ ನೋಡಿ ನೋಡಿ ಟಿಟ್ಟಿಭದ ಮೊಟ್ಟೆಗಳನ್ನೆಲ್ಲ ಎತ್ತಿದವು. ಮುಂದಿನ ಬೇಸಿಗೆ ಆ ಹಕ್ಕಿ ಬರಲೇ ಇಲ್ಲ. ಬಯಲು ಬಯಲಾಗಿಯೇ ಇರಬೇಕು ಎಂದು ನನಗೆ ಆಗ ಹೊಳೆಯಿತು. ನಡುವಿನ ಬೇವುಗಳನ್ನು ಕೊಡಲಿ ಹಿಡಿದು ನಾನೇ ಕಡಿದೆ. ನೆಟ್ಟವಳೂ ಇವಳೇ, ಕಡಿದವಳೂ ಇವಳೇ ಎಂದು ಊರಿಗೆ ತಿಂಗಳುಗಟ್ಟಲೆ ಮಾತಾಯಿತು.

ಆಮೇಲೆ ಹೊಲವನ್ನು ಮನೆಯ ಹಾಗೆ ಹಂಚಿದೆ. ನಡುವೆ ಬರಿ ಗರಸು, ಅದು ಟಿಟ್ಟಿಭಕ್ಕೆ. ಅದರ ಸುತ್ತ ಹುಲ್ಲು. ಒಂದು ವರ್ಷ ಅರ್ಧ ಕೊಯ್ದರೆ ಉಳಿದರ್ಧ ಮುಂದಿನ ವರ್ಷಕ್ಕೆ, ಅದೂ ಬೀಜ ಉದುರಿದ ಮೇಲೆ. ಅಂಚಿಗೆ ಸಜ್ಜೆ, ಕುಸುಬೆಯ ಸಾಲು. ಅದನ್ನು ನಾನು ಎಂದೂ ಕೊಯ್ಯಲಿಲ್ಲ. ಹಳ್ಳದ ಬದಿಗೆ ಜಾಲಿ, ಬಾರಿಯ ಮುಳ್ಳುಗಿಡಗಳು ತಮ್ಮಷ್ಟಕ್ಕೆ ದಟ್ಟವಾಗಲಿ ಎಂದು ಬಿಟ್ಟೆ. ಅಣ್ಣ ಹೊಲದಿಂದ ಆರಿಸಿ ಎಸೆದ ಕಲ್ಲುಗಳನ್ನು ಗುಡ್ಡೆ ಹಾಕಿದರೆ ಅದರೊಳಗೆ ಮುಂಗುಸಿ ಸೇರಿತು. ನೀರು ನಿಲ್ಲಲೆಂದು ಎರೆಮಣ್ಣು ಮೆತ್ತಿ ಒಂದು ಗುಂಡಿ ಮಾಡಿ, ಒಂದು ಬದಿಯನ್ನು ಇಳಿಜಾರಾಗಿ ಬಿಟ್ಟೆ. ಮೊದಲು ಕಡಿದಾಗಿ ಅಗೆದಿದ್ದ ಗುಂಡಿಯಲ್ಲಿ ಒಂದು ಮುಂಗುಸಿ ಮರಿ ಮುಳುಗಿ ಸತ್ತಿತ್ತು. ಮಳೆಗಾಲದಲ್ಲಿ ಜಾಲಿಯ ತುದಿಗೆ ಗೀಜಗ ಗೂಡು ನೇತುಹಾಕಿತು. ಒಂದು ಮುಂಜಾನೆ ಹುಲ್ಲಿನಲ್ಲಿ ಚಿಗರಿ ಜಿಂಕೆಯೊಂದು ನಿಂತಿತ್ತು. ಓಡಿ ಹೋಗಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ ಹೇಳುವುದೆಂದು ಯೋಚಿಸಿದೆ, ಯಾರ ಮುಖವೂ ನೆನಪಾಗಲಿಲ್ಲ. ಅಲ್ಲೇ ಕೂತು ಅತ್ತೆ.

ಬಂದವರೆಲ್ಲ ಸಂಭಾವಿತರೇನಲ್ಲ. ಚಳಿಗಾಲಕ್ಕೆ ದೂರದಿಂದ ವಲಸೆ ಬರುವ ಗುಲಾಬಿ ಮೈಯ ಕಬ್ಬಕ್ಕಿಗಳು ನನ್ನ ಜಾಲಿಯಲ್ಲಿ ತಂಗಲು ಶುರುಮಾಡಿದವು. ಮೊದಲು ನಾನು ಹಿಗ್ಗಿದೆ. ಬೆಳಗಾದರೆ ಅವು ಹಿಂಡು ಹಿಂಡಾಗಿ ಎದ್ದು ಅಣ್ಣನ ಜೋಳಕ್ಕೆ ಇಳಿಯುತ್ತಿದ್ದವು. ಕಾಳು ಹಾಲು ತುಂಬುವ ಹೊತ್ತು. ಆ ವರ್ಷ ಒಡ್ಡಿನ ಕಡೆಯ ಸಾಲುಗಳಲ್ಲಿ ಬರೀ ದಂಟು ಉಳಿಯಿತು.

ರಾಶಿಯ ದಿನ ಅಣ್ಣ ಕಣದಲ್ಲಿ ನಿಂತು ಹೇಳಿದ, "ನಿನ್ನ ಹಕ್ಕಿಗೋಳು ನನ್ನ ಜ್ವಾಳ ತಿಂದು ಹೋದ್ವು. ಬ್ಯಾಸಗ್ಯಾಗ ಟ್ರ್ಯಾಕ್ಟರ್ ತಂದು ಆ ಕಂಟಿ ಎಲ್ಲಾ ಕಿತ್ತಿ ಸಾಪ್ ಮಾಡ್ತೇನಿ."

"ಅದು ನನ್ನ ಹೊಲ ಅದ ಅಣ್ಣಾ."

"ನಿನ್ನ ಹೊಲದಾಗ ಇರೂದು ಬಂದು ನನ್ನ ಹೊಲದಾಗ ಉಂಡ್ರ ನಾ ಏನ್ ಮಾಡ್ಲಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಸಿಟ್ಟು ಇನ್ನಷ್ಟು ಏರಿತು. "ಎಳ್ಳ ಅಮಾಸಿಗಿ ಚರಗ ಚೆಲ್ಲಿ ನೀನೇ ಅವನ್ನ ಉಣ್ಣಾಕ ಕರೀತಿ, ಮರುದಿನ ಕಲ್ಲ ಒಗೀತಿ. ಇದ್ಯಾವ ನ್ಯಾಯ?" ಎಂದೆ. ಅವನ ಮುಖ ಕಪ್ಪಿಟ್ಟಿತು. ಹಿಂದಿದ್ದ ವೈನಿ, ಅಂದರೆ ಅತ್ತಿಗೆ, ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ನಾನು ದನಿ ತಗ್ಗಿಸಿ ಕೇಳಿಕೊಂಡೆ, "ಒಂದ್ ವರ್ಷ ಕೊಡು. ನಿನ್ನ ಜ್ವಾಳ ನಾ ಕಾಯ್ತೇನಿ. ಮುಂದಿನ ಸುಗ್ಗಿಗೂ ಹಿಂಗೇ ಆದ್ರ ಟ್ರ್ಯಾಕ್ಟರ್ ತಾ, ನಾ ತುಟಿ ಬಿಚ್ಚಂಗಿಲ್ಲ."

ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅಂದಿನಿಂದ ನಮ್ಮಿಬ್ಬರಿಗೂ ಮಾತು ನಿಂತಿತು.

ಮುಂದಿನ ಚಳಿಗಾಲ ಅಣ್ಣನ ಹೊಲದ ಅಟ್ಟಣಿಗೆ ಹತ್ತಿದೆ. ಮುಂಜಾನೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ. ಹಕ್ಕಿ ಎರಗುವುದೂ ಆ ಎರಡೇ ಹೊತ್ತಿಗೆ ಎಂಬುದು ನನ್ನ ಪುಣ್ಯ. ಕೈಯಲ್ಲಿ ಕವಣಿ, ಪಕ್ಕದಲ್ಲಿ ಡಾಲ್ಡಾ ಡಬ್ಬಿ. ಮುಳ್ಳು ಬೆಳೆಸಿ, ನೀರಿಟ್ಟು ನಾನೇ ಕರೆದ ನೆಂಟರು ಅವರು. ನಾನೇ ಡಬ್ಬಿ ಬಡಿದು, "ಹೋಗ್ರೇ ಹಾಳಾಗಿ" ಎಂದು ಬೈದು ಓಡಿಸುತ್ತಿದ್ದೆ. ಅವು ಹಾರಿ ಹೋಗಿ ನನ್ನ ಹೊಲದ ಸಜ್ಜೆಯ ಮೇಲೆಯೇ ಇಳಿಯುತ್ತಿದ್ದವು. ಆ ವರ್ಷ ಸಜ್ಜೆಯ ಸಾಲುಗಳನ್ನು ಹೆಚ್ಚಿಸಿದ್ದೆ, ತಡವಾಗಿ ಬಿತ್ತಿದ್ದೆ, ಜೋಳದ ಹೊತ್ತಿಗೇ ಅದೂ ಕಾಳು ತುಂಬಲಿ ಎಂದು. ಬಡಿದು ಬಡಿದು ಅಂಗೈಯಲ್ಲಿ ಬೊಬ್ಬೆ ಎದ್ದವು. ಕೂಗಿ ಕೂಗಿ ದನಿ ಬಿದ್ದು, ಶಾಲೆಯಲ್ಲಿ ಮಗ್ಗಿ ಹೇಳಿಸಲು ಬಾರದಾಯಿತು.

ಅಣ್ಣ ದೂರದ ಒಡ್ಡಿನ ಮೇಲೆ ನಿಂತು ನೋಡುತ್ತಿದ್ದ, ಹೋಗುತ್ತಿದ್ದ. ಒಂದು ಸಂಜೆ ವೈನಿ ಅಟ್ಟಣಿಗೆಯ ಕೆಳಗೆ ರೊಟ್ಟಿ, ಜುಣಕದ ಗಂಟು ಇಟ್ಟರು. "ನಾನಾಗೇ ತಂದಿದ್ದಲ್ಲ ಬೇ, ನಿಮ್ಮಣ್ಣಾರೇ ಕಟ್ಟಿಸ್ಯಾರ" ಎಂದರು. ಅಲ್ಲೇ ಮೇಲೆ ಕೂತು ಉಂಡೆ. ಒಬ್ಬರು ನನಗಾಗಿ ಬುತ್ತಿ ಕಟ್ಟಿಸಿ ಎಷ್ಟು ವರ್ಷವಾಗಿತ್ತೋ.

ರಾಶಿ ಆಯಿತು. ಜೋಳ ಎಲ್ಲೋ ಸ್ವಲ್ಪ ಹೋಗಿತ್ತು, ಹೋಗಿಲ್ಲ ಎಂದರೆ ಸುಳ್ಳಾದೀತು. ಅಣ್ಣ ಬಂಡಿ ತುಂಬಿಕೊಂಡು ಹೋದ. ಆ ಬೇಸಿಗೆ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಎಲ್ಲೇ ಟ್ರ್ಯಾಕ್ಟರ್ ಸದ್ದಾದರೂ ಪಾಠ ಬಿಟ್ಟು ಕಿಟಕಿಗೆ ಬರುತ್ತಿದ್ದೆ. ಟಿಟ್ಟಿಭ ಆ ವರ್ಷ ಮತ್ತೆ ಬಂದು ಮೊಟ್ಟೆ ಇಟ್ಟಿತು. ಇಡಬೇಡವೇ ಮಾರಾಯ್ತಿ, ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದು ಅದಕ್ಕೆ ಹೇಳಬೇಕೆನಿಸುತ್ತಿತ್ತು. ಮಳೆ ಬಿತ್ತು, ಬಿತ್ತನೆ ಆಯಿತು. ಟ್ರ್ಯಾಕ್ಟರ್ ಮುಂದಿನ ಬೇಸಿಗೆಗೆ ಬರುವುದೋ ಎನ್ನುವ ದಿಗಿಲು ಹಾಗೇ ಉಳಿಯಿತು.

ಎಳ್ಳ ಅಮಾವಾಸ್ಯೆ ಬಂತು. ಅಣ್ಣ, ವೈನಿ ತಮ್ಮ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತದ್ದು ಒಡ್ಡಿನಾಚೆ ಕಾಣುತ್ತಿತ್ತು. ನಾನು ಎಂದಿನಂತೆ ನನ್ನ ಬುಟ್ಟಿ, ತಂಬಿಗೆ ಹಿಡಿದು ಹೊರಟೆ. ಬಹುಶಃ ಇದೇ ಕೊನೆಯ ಸುತ್ತು ಎಂದುಕೊಂಡಿದ್ದೆ. ಎಡೆ ಎರಚಿ 'ಹುಲ್ಲುಲ್ಲಿಗ್ಯೋ' ಎಂದೆ. ಬುಟ್ಟಿ ಕೆಳಗಿಟ್ಟು ತಂಬಿಗೆಗೆ ಕೈ ಹಾಕಿದ್ದೆನಷ್ಟೇ.

"ಸಲಾಂಬರಿಗ್ಯೋ..."

ಒಡ್ಡಿನ ಆಚೆಯಿಂದ, ಒಡಕು ಗಂಟಲಲ್ಲಿ. ತಿರುಗಿ ನೋಡಿದೆ. ಅಣ್ಣ ತನ್ನ ಹೊಲದಲ್ಲೇ ನಿಂತಿದ್ದ. ಕೈ ಇನ್ನೂ ಎಂಜಲಾಗಿತ್ತು, ಮುಖ ಬೇರೆ ಕಡೆ ಇತ್ತು. ತಂಬಿಗೆ ಬಿಟ್ಟು ಬುಟ್ಟಿ ಎತ್ತಿದೆ. ಮತ್ತೆ ಕೂಗಿದೆ, ಅವನು ಮತ್ತೆ ಓಗೊಟ್ಟ. ಹಾಗೆ ನಾನು ಈಚೆ, ಅವನು ಆಚೆ, ಒಡ್ಡು ಮುಗಿಯುವವರೆಗೆ ನಡೆದೆವು. ಅವನು ಒಡ್ಡು ದಾಟಿ ಬರಲಿಲ್ಲ, ನಾನೂ ಕರೆಯಲಿಲ್ಲ.

ಟ್ರ್ಯಾಕ್ಟರ್ ಬರಲಿಲ್ಲ. ಮಾತೂ ಮೊದಲಿನಂತೆ ಆಗಲಿಲ್ಲ. ನಾನು ಹೊರಗಿನ ಕೋಣೆಯಲ್ಲೇ ಉಳಿದೆ, ಚಳಿಗಾಲಕ್ಕೆ ಅಟ್ಟಣಿಗೆ ಹತ್ತುವುದೂ ಉಳಿಯಿತು. ಅವನು ಬದುಕಿದ್ದಷ್ಟು ವರ್ಷ ಅಣ್ಣ ತಂಗಿ ವರ್ಷಕ್ಕೊಂದು ದಿನ, ಅರ್ಥ ಗೊತ್ತಿಲ್ಲದ ಆ ಎರಡು ಮಾತು ಆಡುತ್ತಿದ್ದೆವು. ಈಗ ಮತ್ತೆ ಬುಟ್ಟಿ ಇಟ್ಟು ತಂಬಿಗೆ ಎತ್ತುತ್ತೇನೆ. ಆದರೆ ಮೊದಲು ಕೂಗಿ, ಒಡ್ಡಿನ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತೇನೆ.